ಚಿಗರಿ ಬಯಲಿನಿಂದ ಆಮೆಯ ಮರಳಿಗೆ

ರಾಣೆಬೆನ್ನೂರಿನ ಚಿಗರಿ ಅಡವಿ ನೋಡಲು ಹೋದವರಿಗೆ ಮೊದಲು ಎದುರಾಗುವುದು ನೀಲಗಿರಿ. ಸಾಲು ಹಿಡಿದು ನೆಟ್ಟ ಮರಗಳು, ಕೆಳಗೆ ಒಣಗಿದ ಎಲೆಗಳ ಹಾಸು. 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಣೆಯಾದ 119 ಚದರ ಕಿಲೋಮೀಟರ್ ಸೀಮೆ ಇದು. ಅದರ ದೊಡ್ಡ ಪಾಲು ನೆಡುತೋಪೇ ಆಗಿದೆ. ಚಿಗರಿ ಹುಡುಕುವವರು ಆ ತೋಪು ದಾಟಿ, ಹುಲ್ಲು ಮತ್ತು ಕುರುಚಲು ಗಿಡಗಳ ತೆರೆದ ಜಾಗಕ್ಕೆ ಹೋಗಬೇಕು.

ಹುಣಸಿಕಟ್ಟಿ ಕಡೆಯ ಅಂಥ ಒಂದು ಬಯಲಿನಲ್ಲಿ ಬೆಳಗಿನ ಹೊತ್ತು ನಿಂತಿದ್ದೆ. ಜೊತೆಗಿದ್ದ ಅರಣ್ಯ ವಾಚರ್ ದೂರಕ್ಕೆ ಕೈ ತೋರಿಸಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಹುಲ್ಲಿನ ಬಣ್ಣದಲ್ಲೇ ಬೆರೆತಿದ್ದ ಹೆಣ್ಣು ಚಿಗರಿಗಳ ಹಿಂಡು, ಅದರ ಪಕ್ಕದಲ್ಲಿ ಕಪ್ಪು ಬೆನ್ನಿನ, ಸುರುಳಿ ಕೊಂಬಿನ ಗಂಡು ಕಂಡವು. ನಾವು ನೋಡುವ ಮೊದಲೇ ಅವು ನಮ್ಮನ್ನು ನೋಡಿಯಾಗಿತ್ತು.

“ನೀಲಗಿರಿ ಒಳಗ ಇವು ನಿಲ್ಲಂಗಿಲ್ರಿ,” ಅಂದರು ವಾಚರ್. “ದೂರದ್ದು ಕಾಣಬೇಕು ಇವಕ್ಕ. ಮರಿ ಹಾಕೂ ಮುಂದನೂ ಅಷ್ಟ, ಎಲ್ಲಾ ಕಡೆ ನೋಡಿ ನೋಡಿ ಜಾಗಾ ಹಿಡೀತಾವು.”

ಚಿಗರಿಗೆ ಕಣ್ಣು ಮತ್ತು ಓಟವೇ ರಕ್ಷಣೆ. ಎರಡಕ್ಕೂ ಬಯಲು ಬೇಕು. ಇದೇ ಬಯಲನ್ನು ನಂಬಿದ್ದ ಇನ್ನೊಂದು ಜೀವ ಇಲ್ಲಿತ್ತು: ಎರೆಭೂತ. ಸುಮಾರು ಒಂದು ಮೀಟರ್ ಎತ್ತರದ ಆ ದೊಡ್ಡ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಟ್ಟು ಕಾವು ಕೊಡುತ್ತದೆ. ಇಡೀ ದೇಶದಲ್ಲಿ ಈಗ ಉಳಿದಿರುವುದು ನೂರೈವತ್ತಕ್ಕೂ ಕಡಿಮೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಬೆರಳೆಣಿಕೆಯಷ್ಟಿವೆ. ರಾಣೆಬೆನ್ನೂರಿನಲ್ಲಿ ಅದು ಈಗ ಕಾಣುವುದಿಲ್ಲ. ಬೇಟೆ, ಉಳುಮೆ, ನಾಯಿಗಳ ಕಾಟ ಎಲ್ಲವೂ ಅದಕ್ಕೆ ಕಾರಣ. ಆದರೆ ಹಸಿರು ಮಾಡುತ್ತೇವೆಂದು ನಾವೇ ನಿಂತು ನೆಟ್ಟ ಮರಗಳ ಪಾಲೂ ಅದರಲ್ಲಿದೆ ಎಂಬುದು ನನ್ನನ್ನು ಬಹಳ ದಿನ ಕಾಡಿದೆ. ಗಿಡ ನೆಡುವುದು ಎಲ್ಲ ಕಡೆಯೂ ಪುಣ್ಯದ ಕೆಲಸವಲ್ಲ.

ಬರಿ ನೆಲದಲ್ಲಿ ಮೊಟ್ಟೆ ಇಡುವ ಇನ್ನೊಂದು ತಾಯಿ ನಮ್ಮ ರಾಜ್ಯದಲ್ಲೇ, ಹಾವೇರಿಯಿಂದ ಅರ್ಧ ದಿನದ ದಾರಿಯಲ್ಲಿ, ಹೊನ್ನಾವರದ ಮರಳಿಗೆ ಬರುತ್ತದೆ. ಅದು ಕಡಲಾಮೆ. ಅಷ್ಟು ದೊಡ್ಡ ಸಮುದ್ರದಲ್ಲಿ ಇರುವ ಜೀವ ಇಷ್ಟುದ್ದ ಕರಾವಳಿಯಲ್ಲಿ ಇದೇ ದಂಡೆ ಸಾಕು ಎಂದು ಹೇಗೆ ತೀರ್ಮಾನಿಸುತ್ತದೆ? ಚಿಗರಿ ಬಯಲಿನಲ್ಲಿ ಹುಟ್ಟಿದ ಈ ಪ್ರಶ್ನೆಯನ್ನು ಹಿಡಿದುಕೊಂಡೇ ಪಡುವಣಕ್ಕೆ ಹೊರಟೆ.

ಫೆಬ್ರವರಿ ತಿಂಗಳು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ತಿರುಗಿದರೆ ಊರು ಬರುವ ಮೊದಲೇ ಘಾಟು ಮೂಗಿಗೆ ಬಂತು. ಸೋಮವಾರ ಮತ್ತು ಗುರುವಾರ ಇಲ್ಲಿಯ ಮೆಣಸಿನಕಾಯಿ ಮಾರುಕಟ್ಟೆಯ ದಿನಗಳು. ಹಿಂದಿನ ದಿನದಿಂದಲೇ ಲಾರಿಗಳ ಸಾಲು ಶುರುವಾಗುತ್ತದೆ. ಕಡ್ಡಿ, ಡಬ್ಬಿ ಎಂಬ ಎರಡು ಬಗೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಗಾಢ. ಈ ಬಣ್ಣ ಕೂರುವುದು ಸರಿಯಾಗಿ ಒಣಗಿದರೆ ಮಾತ್ರ. ಊರಿನ ಹೊರಗೆ ಬಟಾಬಯಲಿನಲ್ಲಿ ಕೆಂಪು ಹಾಸಿಗೆ ಹಾಸಿದಂತೆ ಕಾಯಿ ಹರಡಿದ್ದರು. ತೇವದ ನೆಲದಲ್ಲಿ ಹರಡಿದರೆ ಬೂಸ್ಟು, ಬಿಸಿಲು ಅತಿಯಾದರೆ ಬಣ್ಣ ಬಿಳಿಚುತ್ತದೆ. ಒಬ್ಬ ಹೆಣ್ಣುಮಗಳು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಬೀಜದ ಸದ್ದು ಕೇಳಿ, ಮತ್ತೆ ಕೆಳಗಿಟ್ಟು ರಾಶಿ ಹೊರಳಿಸಿದರು.

ಮೆಣಸಿನಕಾಯಿ ಬ್ಯಾಡಗಿಗೆ ಬರುವ ಈ ತಿಂಗಳುಗಳೇ ಕಡಲಾಮೆ ದಂಡೆಗೆ ಬರುವ ತಿಂಗಳುಗಳು ಕೂಡ. ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ನವೆಂಬರಿನಿಂದ ಮಾರ್ಚ್‌ವರೆಗೆ ಅವು ಮೊಟ್ಟೆ ಇಡುತ್ತವೆ. ಮಳೆಗಾಲದ ಅಲೆ ಕೊರೆದು ಕಿರಿದು ಮಾಡಿದ ದಂಡೆಗೆ ಮರಳು ಮರಳಿ ಬಂದು ಕೂರುವ ಕಾಲವೂ ಅದೇ.

ಹಾವೇರಿಯಲ್ಲಿ ಸಿದ್ಧೇಶ್ವರ ಗುಡಿಯ ಮುಂದೆ ಸ್ವಲ್ಪ ಹೊತ್ತು ಕುಳಿತೆ. ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಮೂಡಣಕ್ಕೆ ಮುಖ ಮಾಡಿದರೆ ಇದು ಪಡುವಣಕ್ಕೆ ಮುಖ ಮಾಡಿದೆ. ಅಲ್ಲಿಂದ ಹಾನಗಲ್ ದಾರಿ ಹಿಡಿದರೆ ವರದೆ ಸಿಗುತ್ತಾಳೆ. ವರದೆಗೂ ಹೊನ್ನಾವರದ ಶರಾವತಿಗೂ ಹುಟ್ಟೂರು ಒಂದೇ ಜಿಲ್ಲೆ. ವರದೆಯದು ಸಾಗರದ ಬಳಿಯ ವರದಾಮೂಲ, ಶರಾವತಿಯದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ. ಒಬ್ಬಳು ಪಡುವಣಕ್ಕೆ ಧುಮುಕಿ ಅರಬ್ಬಿ ಸಮುದ್ರ ಸೇರುತ್ತಾಳೆ. ಇನ್ನೊಬ್ಬಳು ಬನವಾಸಿ ಸುತ್ತಿ, ಹಾವೇರಿ ಜಿಲ್ಲೆ ಹಾಯ್ದು, ಗಳಗನಾಥದಲ್ಲಿ ತುಂಗಭದ್ರೆ ಸೇರಿ, ಕೃಷ್ಣೆಯ ಜೊತೆ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ ಇಳಿಯುತ್ತಾಳೆ. ಆ ಕೃಷ್ಣಾ ಮುಖಜ ಭೂಮಿಯ ದಂಡೆಯಲ್ಲೂ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಕಡಲಿಲ್ಲದ ಹಾವೇರಿಯ ನೀರು ಎರಡು ರಾಜ್ಯ ದಾಟಿ ಆಮೆಯ ಮರಳನ್ನು ಮುಟ್ಟುತ್ತದೆ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಮರಳು ಮುಟ್ಟುವುದು ಬೇರೆ ಮಾತು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು, ಶ್ರೀಶೈಲ, ನಾಗಾರ್ಜುನಸಾಗರ ಎಂದು ಒಂದರ ಹಿಂದೊಂದು ಗೋಡೆಗಳು ಅದನ್ನು ತಡೆದಿವೆ. ಅದಕ್ಕೂ ಮೊದಲು ನಮ್ಮ ಜಿಲ್ಲೆಯ ದಂಡೆಗಳಿಂದಲೇ ಲಾರಿಗಳು ತುಂಬಿಕೊಂಡು ಹೋಗುತ್ತವೆ.

ಹಾನಗಲ್ಲಿನಿಂದ ಶಿರಸಿ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ. ಘಟ್ಟದ ಅಂದದ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನಾನು ಬೆಳಕಿರುವಾಗಲೇ ಹೊನ್ನಾವರ ಸೇರುವ ಆತುರದಲ್ಲಿದ್ದೆ.

ಹೊನ್ನಾವರ ಶರಾವತಿಯ ಬಡಗಣ ದಂಡೆಯಲ್ಲಿದೆ. ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿ ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಚಾಚಿದ ಮರಳಿನ ಪಟ್ಟಿಯೇ ಟೊಂಕ. ನದಿ ತಂದದ್ದನ್ನು ಅಲೆ ಹಿಂದಕ್ಕೆ ತಳ್ಳಿ ತಳ್ಳಿ ಆದ ನೆಲ. ಮೀನುಗಾರರ ಮನೆಗಳು, ಎಳೆದಿಟ್ಟ ದೋಣಿಗಳು, ಬಲೆಗಳು. ಮನೆಗಳ ಆಚೆ ಮರಳ ಮೇಲೆ ಉದ್ದಕ್ಕೂ ಒಣಮೀನು ಹರಡಿದ್ದರು. ಬ್ಯಾಡಗಿಯಲ್ಲಿ ಕಂಡ ಅದೇ ಕೆಲಸ, ಅದೇ ಬಿಸಿಲು, ಅದೇ ಬಾಗಿದ ಬೆನ್ನು. ಅಲ್ಲಿಯಂತೆ ಇಲ್ಲಿಯೂ ಹೆಂಗಸರೇ ಹೆಚ್ಚು.

ಮರುದಿನ ಬೆಳಗಿನ ಜಾವ ದಂಡೆಯ ಮೇಲೆ ನಡೆಯುತ್ತಿದ್ದಾಗ ಮೀನು ಹರಡಲು ಬಂದ ಒಬ್ಬ ಹೆಂಗಸು ಕರೆದು ತೋರಿಸಿದರು.

“ಇಲ್ಲಿ ನೋಡಿ ಮಾರಾಯ್ರೆ, ರಾತ್ರಿ ಹತ್ತಿದ್ದು. ಇದು ಇಟ್ಟಿಲ್ಲ, ತಿರುಗಿ ಹೋಯ್ತು.”

“ಇಟ್ಟಿಲ್ಲ ಅಂತ ಹೇಗೆ ಗೊತ್ತಾಯ್ತು ಅಕ್ಕಾ?”

“ಇಟ್ಟಿದ್ರೆ ಮರಳು ಕೆದರಿ ಮುಚ್ಚಿ ಹೋಗ್ತದೆ. ಇದು ಮೂಗು ಇಟ್ಟು ನೋಡಿ ವಾಪಸ್.”

ಹೆಜ್ಜೆ ಗುರುತಿನ ಪಕ್ಕ ಮೊಣಕಾಲೂರಿ ನೋಡಿದೆ. ಮುಕ್ಕಾಲು ಮೀಟರಿನಷ್ಟು ಅಗಲದ ಪಟ್ಟೆ ಅಲೆಯಿಂದ ಮೇಲಕ್ಕೆ ಏರಿತ್ತು. ಎಡ ಬಲ ಈಜುಕಾಲುಗಳ ಕೊರೆತ ಒಂದರ ಎದುರು ಒಂದು ಇರಲಿಲ್ಲ, ಒಂದು ಬಿಟ್ಟು ಒಂದು ಮುಂದೆ ಇತ್ತು. ಆಲಿವ್ ರಿಡ್ಲೆ ಆಮೆ ನಡೆಯುವ ರೀತಿ ಅದು. ನಡುವೆ ಎದೆ ಎಳೆದ ನುಣುಪು. ಪಟ್ಟೆ ಭರತದ ಗೆರೆ ದಾಟಿ ಅಡುಂಬು ಬಳ್ಳಿಯವರೆಗೂ ಹೋಗಿ, ಅಲ್ಲಿ ಒಂದೆರಡು ಕಡೆ ಮರಳು ಕದಡಿ, ಬಾಗಿ ತಿರುಗಿ, ಮತ್ತೆ ನೀರಿಗಿಳಿದಿತ್ತು. ತೀರ್ಮಾನ ಮಾಡಿದ ಜಾಗ ಅದು. ಒಂದು ತಾಯಿ ಇಲ್ಲಿ ನಿಂತು, ಪರೀಕ್ಷಿಸಿ, ಬೇಡ ಎಂದು ಹೋಗಿದ್ದಾಳೆ.

ಆಯ್ಕೆ ಎರಡು ಹಂತದ್ದು. ದೂರದ್ದೊಂದು, ಹತ್ತಿರದ್ದೊಂದು.

ದೂರದ ಹಂತದಲ್ಲಿ ದಾರಿ ತೋರಿಸುವುದು ಭೂಮಿಯ ಕಾಂತಶಕ್ತಿ. ಕರಾವಳಿಯ ಉದ್ದಕ್ಕೂ ಕಾಂತಕ್ಷೇತ್ರದ ಬಲ ಮತ್ತು ಅದು ನೆಲಕ್ಕೆ ಬಾಗುವ ಕೋನ ಸ್ವಲ್ಪ ಸ್ವಲ್ಪವೇ ಬದಲಾಗುತ್ತವೆ. ಮರಿ ಮೊಟ್ಟೆಯೊಡೆದು ಕಡಲಿಗಿಳಿಯುವ ಹೊತ್ತಿಗೇ ಆ ಜಾಗದ ಗುರುತು ಅದರೊಳಗೆ ಅಚ್ಚಾಗುತ್ತದೆ, ಬೆಳೆದ ಮೇಲೆ ಅದೇ ಗುರುತನ್ನು ಅರಸಿ ಬರುತ್ತದೆ ಎಂದು ವಿಜ್ಞಾನಿಗಳು ತರ್ಕಿಸುತ್ತಾರೆ. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಕೆನ್ನೆತ್ ಲೋಹ್ಮನ್ ಇದನ್ನು ದಶಕಗಳಿಂದ ಅಭ್ಯಸಿಸಿದ್ದಾರೆ. ಅವರೂ ರೋಜರ್ ಬ್ರದರ್ಸ್ ಅವರೂ 2015ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಹಿಡಿಸಿತು. ಫ್ಲಾರಿಡಾದಲ್ಲಿ ಲಾಗರ್‌ಹೆಡ್ ಆಮೆಗಳ ಗೂಡುಗಳನ್ನು ವರ್ಷ ವರ್ಷವೂ ಎಣಿಸಿಟ್ಟಿದ್ದರು. ಭೂಮಿಯ ಕಾಂತಕ್ಷೇತ್ರ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಅಕ್ಕಪಕ್ಕದ ಎರಡು ದಂಡೆಗಳ ಕಾಂತಗುರುತು ಹತ್ತಿರ ಬಂದ ವರ್ಷಗಳಲ್ಲಿ ಗೂಡುಗಳು ಒತ್ತಾದವು, ದೂರವಾದ ವರ್ಷಗಳಲ್ಲಿ ಚದುರಿದವು. ಆಮೆಗಳು ಆ ಅದೃಶ್ಯ ಗೆರೆಯ ಹಿಂದೆಯೇ ಸರಿದಿದ್ದವು.

ಆದರೆ ಈ ನಿಷ್ಠೆ ಕಲ್ಲಿನಲ್ಲಿ ಕೊರೆದದ್ದಲ್ಲ. ಒಡಿಶಾದ ಗಹಿರ್‌ಮಾಥಾದಲ್ಲಿ 2021ರಲ್ಲಿ ಗುರುತಿನ ಬಿಲ್ಲೆ ತೊಡಿಸಿದ ಒಂದು ಆಲಿವ್ ರಿಡ್ಲೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರ್ ದಂಡೆಯಲ್ಲಿ ಮೊಟ್ಟೆ ಇಟ್ಟಿತು. ಬಿಲ್ಲೆಯ ಸಂಖ್ಯೆ 03233. ಸುಮಾರು 3,500 ಕಿಲೋಮೀಟರ್ ದೂರ, ಒಂದು ಕಡಲಿನಿಂದ ಇನ್ನೊಂದು ಕಡಲಿಗೆ. ಗುಹಾಗರ್ ಮುಟ್ಟಬೇಕಾದರೆ ಆಕೆ ನಮ್ಮ ಕರ್ನಾಟಕದ ಸಮುದ್ರವನ್ನೂ ಹಾಯ್ದೇ ಹೋಗಿರಬೇಕು. ಮೂಡಣ ಕರಾವಳಿಯ ಆಮೆಗಳೇ ಬೇರೆ, ಪಡುವಣದವೇ ಬೇರೆ ಎಂಬ ನಂಬಿಕೆಯನ್ನು ಆ ಒಂದು ತಾಯಿ ಅಲ್ಲಾಡಿಸಿದಳು.

ಒಡಿಶಾದ್ದು ಇನ್ನೊಂದು ಬಗೆಯ ಪಾಠ. ಅಲ್ಲಿ ಋಷಿಕುಲ್ಯಾ ನದಿಯ ಬಾಯಿಯಲ್ಲಿ 2023ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಆಮೆಗಳು ಸಾಮೂಹಿಕವಾಗಿ ಬಂದು ಮೊಟ್ಟೆ ಇಟ್ಟವು. 2024ರಲ್ಲಿ ಆ ಜಾತ್ರೆಯೇ ನಡೆಯಲಿಲ್ಲ. 2025ರಲ್ಲಿ ಮತ್ತೆ ಲಕ್ಷಗಟ್ಟಲೆ ಬಂದವು. ದಂಡೆ ಹಿಡಿಸದಿದ್ದರೆ ಬರದೆ ಇರುವ ಹಕ್ಕನ್ನೂ ಅವು ಉಳಿಸಿಕೊಂಡಿವೆ. ನಮ್ಮ ಕಡೆ ಅಂಥ ಜಾತ್ರೆ ಇಲ್ಲ. ಇಲ್ಲಿ ಅವು ಒಂಟೊಂಟಿಯಾಗಿ ರಾತ್ರಿಯಲ್ಲಿ ಬರುತ್ತವೆ, ಬೆಳಗಾಗುವ ಮೊದಲು ಹೋಗಿಬಿಡುತ್ತವೆ. ಹಾಗಾಗಿಯೇ ನಮ್ಮ ಆಮೆಗಳ ಬಗ್ಗೆ ನಮಗೇ ಗೊತ್ತಿರುವುದು ಕಡಿಮೆ.

ಹತ್ತಿರದ ಹಂತ ಶುರುವಾಗುವುದು ಆಕೆ ನೀರಿನಿಂದ ಮೇಲೆ ಬಂದ ಗಳಿಗೆಯಿಂದ. ಮೂವತ್ತೈದು ನಲವತ್ತು ಕಿಲೋ ತೂಕದ, ನೀರಿನಲ್ಲಿ ಹಗುರವಾಗಿ ತೇಲುವ ದೇಹ ಮರಳಿನಲ್ಲಿ ಭಾರವಾಗುತ್ತದೆ. ಒಂದೊಂದು ಮೀಟರೂ ಶ್ರಮ. ದಾರಿಯಲ್ಲಿ ಮೂತಿಯನ್ನು ಮರಳಿಗೆ ಒತ್ತಿ ಒತ್ತಿ ನೋಡುತ್ತಾಳೆ. ಟೊಂಕದ ಅಕ್ಕ ಮೂಗಿಟ್ಟು ನೋಡಿತು ಅಂದದ್ದು ಇದನ್ನೇ. ಭರತದ ನೀರು ಮುಟ್ಟುವ ಜಾಗದಲ್ಲಿ ಇಟ್ಟರೆ ಮೊಟ್ಟೆ ಉಸಿರುಗಟ್ಟಿ ಕೊಳೆಯುತ್ತದೆ. ತೀರ ಮೇಲೆ ಹೋದರೆ ಮರಿಗಳು ಕಡಲಿಗೆ ಓಡುವ ದಾರಿ ಉದ್ದವಾಗಿ, ನಾಯಿಗೋ ಕಾಗೆಗೋ ಏಡಿಗೋ ಸಿಗುತ್ತವೆ. ಇವೆರಡರ ನಡುವಿನ ಒಂದು ಪಟ್ಟಿ ಆಕೆಗೆ ಬೇಕು. ಅಲ್ಲಿಯ ಮರಳು ತೀರ ಒಣಗಿದ್ದರೆ ಗುಂಡಿ ಕುಸಿಯುತ್ತದೆ, ತೀರ ಹಸಿಯಿದ್ದರೆ ಗಾಳಿಯಾಡುವುದಿಲ್ಲ.

ಜಾಗ ಒಪ್ಪಿಗೆಯಾದರೆ ಹಿಂಗಾಲುಗಳಿಂದ, ಒಂದು ಸಲ ಎಡ, ಒಂದು ಸಲ ಬಲ, ಮರಳನ್ನು ಮೊಗೆದು ಮೊಗೆದು ಹೊರಗೆ ಹಾಕುತ್ತಾಳೆ. ಕಣ್ಣಿಗೆ ಕಾಣದ ಹಿಂದಿನ ಕೆಲಸ ಅದು. ಕಾಲು ಎಷ್ಟು ಆಳಕ್ಕೆ ಹೋಗುತ್ತದೋ ಅಷ್ಟು ಆಳದ ಗುಂಡಿ, ಒಂದೂವರೆ ಅಡಿಯಷ್ಟು, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ನೀರಿನ ಕೊಡದ ಹಾಗೆ. ನಡುವೆ ಬೇರೋ ಕಲ್ಲೋ ತಗುಲಿದರೆ ಅರ್ಧಕ್ಕೇ ಬಿಟ್ಟು ಇನ್ನೊಂದು ಕಡೆ ತೋಡುತ್ತಾಳೆ, ಇಲ್ಲವೇ ಕಡಲಿಗೆ ಮರಳುತ್ತಾಳೆ. ಎಲ್ಲ ಸರಿಯಾದರೆ ನೂರರಿಂದ ನೂರಿಪ್ಪತ್ತು ಮೊಟ್ಟೆ. ಮೊಟ್ಟೆ ಇಡುವಾಗ ಕಣ್ಣಿನಿಂದ ನೀರು ಇಳಿಯುತ್ತದೆ, ದೇಹದ ಹೆಚ್ಚುವರಿ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ ಅದು. ಕೊನೆಗೆ ಮರಳು ಮುಚ್ಚಿ, ಎದೆಯಡಿಯಿಂದ ಧಪ್ ಧಪ್ ಎಂದು ಗುದ್ದಿ ಗಟ್ಟಿ ಮಾಡಿ, ಸುತ್ತಲೂ ಕೆದರಿ ಗುರುತು ಮರೆಸಿ ಹೊರಡುತ್ತಾಳೆ. ಹಿಂದಿರುಗಿ ಬಂದು ನೋಡುವ ಪದ್ಧತಿ ಇಲ್ಲ. ಆಕೆ ಮಕ್ಕಳಿಗೆ ಮಾಡುವ ಆರೈಕೆ ಎಲ್ಲವೂ ಆ ಜಾಗದ ಆಯ್ಕೆಯಲ್ಲೇ ಮುಗಿದಿರುತ್ತದೆ.

ಆ ಆಯ್ಕೆಯ ತೂಕ ಇನ್ನೂ ಆಳದ್ದು. ಮರಿ ಹೆಣ್ಣೋ ಗಂಡೋ ಎಂಬುದನ್ನು ಮರಳಿನ ಬಿಸಿಯೇ ನಿರ್ಧರಿಸುತ್ತದೆ. ಸುಮಾರು 29–30 ಡಿಗ್ರಿ ಸೆಲ್ಸಿಯಸ್ ನಡುಗೆರೆ. ಅದಕ್ಕಿಂತ ಬಿಸಿಯಾದರೆ ಹೆಣ್ಣು ಹೆಚ್ಚು, ತಂಪಾದರೆ ಗಂಡು ಹೆಚ್ಚು. ನಲವತ್ತೈದರಿಂದ ಅರವತ್ತು ದಿನಗಳಲ್ಲಿ ಮರಿ ಹೊರಬರುತ್ತದೆ. ಸಾವಿರ ಮರಿಗೆ ಒಂದು ದೊಡ್ಡದಾದರೆ ಅದೇ ಹೆಚ್ಚು ಎಂಬುದು ಸಾಮಾನ್ಯ ಅಂದಾಜು.

ಹಿಂದೆ ಈ ಕರಾವಳಿಯಲ್ಲಿ ಮೊಟ್ಟೆ ತೆಗೆದು ತಿನ್ನುವುದು, ಮಾರುವುದು ಇತ್ತು. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಆದರೆ ಟೊಂಕದಲ್ಲಿ ಗೂಡು ಉಳಿಸುತ್ತಿರುವುದು ಬರೀ ಕಾಯ್ದೆಯ ಭಯವಲ್ಲ. ಗೂಡು ಕಂಡವರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಸುತ್ತ ಬಲೆ ಕಟ್ಟಿ ನಾಯಿ ನರಿ ಬರದಂತೆ ಕಾಯುತ್ತಾರೆ, ಮರಿ ಬಂದ ದಿನ ಊರೇ ನೋಡಲು ಸೇರುತ್ತದೆ. ಅಂಥ ಒಂದು ಬಲೆಯ ಗೂಡನ್ನು ಅದೇ ಅಕ್ಕ ನನಗೆ ತೋರಿಸಿದರು. ಒಳಗೆ ನೋಡುವಂಥದ್ದು ಏನೂ ಇರಲಿಲ್ಲ, ಮಟ್ಟಸವಾದ ಮರಳು ಅಷ್ಟೆ. ಆದರೂ ಅವರು ಬಲೆಯ ಒಂದು ಗೂಟ ಸಡಿಲಾಗಿದ್ದನ್ನು ಕಂಡು ಕಲ್ಲಿನಿಂದ ಹೊಡೆದು ಗಟ್ಟಿ ಮಾಡಿದರು. ಗೂಡನ್ನು ಅಗೆದು ಬೇರೆಡೆ ಸಾಗಿಸುವುದಕ್ಕಿಂತ ತಾಯಿ ಇಟ್ಟಲ್ಲೇ ಹೀಗೆ ಕಾಯುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲೆ ಬಡಿಯುವ ಅಪಾಯ ಇದ್ದರೆ ಮಾತ್ರ ಸಾಗಿಸಬೇಕು. ಅಷ್ಟು ಅಳೆದು ತೂಗಿ ಆರಿಸಿದ ಜಾಗವನ್ನು ನಾವು ಸುಲಭಕ್ಕೆ ಬದಲಿಸಬಾರದು.

ಇದೇ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರು ಯೋಜನೆ, ಅದಕ್ಕಾಗಿ ದಂಡೆಯ ಗುಂಟ ಹೋಗುವ ರಸ್ತೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ವಿಷಯ ಹೈಕೋರ್ಟಿನವರೆಗೂ ಹೋಗಿದೆ. ಒಣಮೀನಿನ ನೆಲ ಹೋದರೆ ತಮ್ಮ ಬದುಕು ಹೋಯಿತು ಎನ್ನುವ ಅವರು ಆಮೆಯ ಗೂಡುಗಳನ್ನೂ ಸಾಕ್ಷಿಯಾಗಿ ಮುಂದಿಟ್ಟಿದ್ದಾರೆ. ಕಾಗದದ ಮೇಲೆ ಖಾಲಿ ಮರಳು ಎಂದು ಕಾಣುವ ನೆಲದ ಮೇಲೆ ಹಗಲು ಮೀನುಗಾರ ಹೆಂಗಸರ ಹಕ್ಕು, ರಾತ್ರಿ ಆಮೆಯ ಹಕ್ಕು ಇದೆ. ನನ್ನ ಮನಸ್ಸು ಪೂರ್ತಿಯಾಗಿ ಅವರ ಕಡೆಗಿದೆ.

ಸ್ವಲ್ಪ ತೆಂಕಣಕ್ಕೆ ಕಾಸರಕೋಡಿನ ಇಕೋ ಬೀಚ್. 2020ರಲ್ಲಿ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ದಂಡೆ. ಅಲ್ಲಿ ಗಾಳಿಮರದ ತೋಪಿನ ನೆರಳಿನಲ್ಲಿ ನಿಂತಾಗ ಹುಣಸಿಕಟ್ಟಿಯ ನೀಲಗಿರಿ ನೆನಪಾಯಿತು. ಗಾಳಿ ತಡೆಯಲು, ದಂಡೆ ಉಳಿಸಲು ಎಂದು ಕರಾವಳಿಯುದ್ದಕ್ಕೂ ಗಾಳಿಮರ ನೆಟ್ಟಿದ್ದಾರೆ. ಜನಕ್ಕೆ ನೆರಳು, ಸೌದೆ ಸಿಕ್ಕಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಭರತದ ಗೆರೆಯ ಹತ್ತಿರದವರೆಗೂ ಅದನ್ನು ನೆಟ್ಟಾಗ ಆಮೆಗೆ ಬೇಕಾದ ಪಟ್ಟಿಯೇ ತುಂಬಿಹೋಗುತ್ತದೆ. ಬೇರು ಗುಂಡಿಗೆ ಅಡ್ಡ ಬರುತ್ತದೆ, ನೆರಳು ಮರಳನ್ನು ತಂಪು ಮಾಡಿ ಮರಿಗಳ ಹೆಣ್ಣು ಗಂಡಿನ ಲೆಕ್ಕವನ್ನೇ ಬದಲಿಸಬಲ್ಲದು. ಕಡಲ್ಕೊರೆತಕ್ಕೆ ಸುರಿದ ಕಲ್ಲಿನ ತಡೆಗೋಡೆ ಎದುರಾದಲ್ಲಿ ತಾಯಿ ಕಲ್ಲಿಗೆ ಮೂತಿ ಬಡಿದುಕೊಂಡು ಹಿಂದಿರುಗುತ್ತಾಳೆ. ರೆಸಾರ್ಟು, ರಸ್ತೆಗಳ ದೀಪದ ಬೆಳಕು ಇನ್ನೂ ಕ್ರೂರ. ಮರಿಗಳು ಹೊರಬಂದ ಕೂಡಲೇ ಬೆಳಕು ಹೆಚ್ಚಿರುವ ದಿಕ್ಕಿಗೆ ತೆವಳುತ್ತವೆ. ಕತ್ತಲ ದಂಡೆಯಲ್ಲಿ ಆ ಬೆಳಕು ಕಡಲಿನದು. ದೀಪ ಉರಿಯುವ ದಂಡೆಯಲ್ಲಿ ಅವು ಊರಿನ ಕಡೆಗೆ ತೆವಳಿ ಸಾಯುತ್ತವೆ.

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಮೇಲಿನ ಕಣಿವೆಯ ಮರಳು ಅಲ್ಲೇ ನಿಲ್ಲುತ್ತದೆ. ನದಿ ತರುವುದು ಕಡಿಮೆಯಾದಾಗ ಕಡಲು ಇದ್ದದ್ದನ್ನು ಕೊರೆಯುತ್ತದೆ, ಕೊರೆದಲ್ಲಿ ಕಲ್ಲು ಸುರಿಯುತ್ತೇವೆ. ಕಲ್ಲು ಬಿದ್ದಲ್ಲಿ ಆಮೆಗೆ ಜಾಗವಿಲ್ಲ. ಘಟ್ಟದ ಆಚೆ ತುಂಗಭದ್ರೆಯ, ವರದೆಯ ದಂಡೆಯಲ್ಲೂ ಇದೇ ಕತೆ ಬೇರೆ ಬಗೆಯಲ್ಲಿ ನಡೆದಿದೆ. ಸಿಹಿನೀರಿನ ಆಮೆಗಳೂ ಹೊಳೆದಂಡೆಯ ನೆಲವನ್ನೇ ತೋಡಿ ಮೊಟ್ಟೆ ಇಡುತ್ತವೆ. ಜೆಸಿಬಿ ಹಾಯ್ದ ದಂಡೆಯಲ್ಲಿ ಅವಕ್ಕೆ ಎಲ್ಲಿ ಜಾಗ?

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಶಾಲೆಗಳು ಚಳಿಗಾಲ ಬಂತೆಂದರೆ ಮಕ್ಕಳನ್ನು ಮುರ್ಡೇಶ್ವರ, ಗೋಕರ್ಣ, ಹೊನ್ನಾವರಕ್ಕೆ ಪ್ರವಾಸ ಕರೆದುಕೊಂಡು ಹೋಗುತ್ತವೆ. ಆಮೆ ಬರುವ ಕಾಲವೇ ಅದು. ಹೋಗುವ ಮೊದಲು ಒಂದು ಬೆಳಗ್ಗೆ ಮಕ್ಕಳನ್ನು ಚಿಗರಿ ಬಯಲಿಗೆ ಕರೆದುಕೊಂಡು ಹೋಗಿ, ಹುಲ್ಲುಗಾವಲು ಏಕೆ ಹುಲ್ಲುಗಾವಲಾಗಿಯೇ ಇರಬೇಕು ಎಂದು ಹೇಳಿ ಎಂದು ಮೇಷ್ಟ್ರುಗಳನ್ನು ಕೇಳಿಕೊಳ್ಳುತ್ತೇನೆ. ಕಡಲಿಗೆ ಹೋದಾಗ ಕತ್ತಲಾದ ಮೇಲೆ ದಂಡೆಯಲ್ಲಿ ಟಾರ್ಚು, ಮೊಬೈಲ್ ದೀಪ ಹಚ್ಚಬೇಡಿ, ಬೆಂಕಿ ಹಾಕಬೇಡಿ, ಮರಳ ಮೇಲೆ ವಾಹನ ಓಡಿಸಬೇಡಿ, ತಿಂದ ಎಲೆ ಎಸೆದು ನಾಯಿಗಳನ್ನು ದಂಡೆಗೆ ಕರೆಯಬೇಡಿ. ಮೇಲೇರಿದ ಆಮೆ ಕಂಡರೆ ಹತ್ತಿರ ಹೋಗದೆ, ಫೋಟೋ ತೆಗೆಯದೆ, ದೂರದಲ್ಲೇ ಕುಳಿತು ಅಲ್ಲಿಯ ಮೀನುಗಾರರಿಗೋ ಅರಣ್ಯ ಇಲಾಖೆಯವರಿಗೋ ತಿಳಿಸಿ. ಆಕೆಗೆ ಬೇಕಾಗಿರುವುದು ಭರತದ ಗೆರೆಯ ಮೇಲಿನ ಕೆಲವೇ ಮೀಟರ್ ಮರಳು ಮತ್ತು ಕತ್ತಲೆ. ಅಷ್ಟನ್ನು ಬಿಟ್ಟುಕೊಡಿ.